ಈಶಾನ್ಯ ಮೂಲೆಯ ಬಾಲ್ಕನಿ

ಮೂಗಯ್ಯ ಮೇಸ್ತ್ರಿಯ ಫೋನು ಬಂದಾಗ ಮಹಾಲಿಂಗ ಆಫೀಸಿನ ಕಸ ಗುಡಿಸುತ್ತಿದ್ದ. ಆಫೀಸೆಂದರೆ ಚಾಮರಾಜನಗರದಲ್ಲಿ ಒಂದು ಜೆರಾಕ್ಸ್ ಅಂಗಡಿಯ ಮಗ್ಗುಲಿಗಿದ್ದ ಒಂದೇ ಕೋಣೆ. ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ, ಮೂಲೆಯಲ್ಲಿ ಒರಗಿಸಿಟ್ಟ ನಕ್ಷೆಯ ಸುರುಳಿಗಳು. ಬಾಗಿಲ ಮೇಲೆ 'ಎಂ. ಮಹಾಲಿಂಗ, ಬಿ.ಇ., ಸ್ಟ್ರಕ್ಚರಲ್ ಇಂಜಿನಿಯರ್' ಎಂಬ ಬೋರ್ಡು.

"ಸಾ, ಭೀಮನಬೀಡಿನ ಬಸವಣ್ಣೋರ ಮನೆ ಬಾಲ್ಕನಿ ಕೆಳಗ್ಲ ಕಂಬ ಬಿಚ್ಚುದ್ವು" ಎಂದ ಮೂಗಯ್ಯ. ದನಿ ಸಣ್ಣಗಿತ್ತು. "ತುದಿ ಎರಡ್ ಬೆರಳು ಬಗ್ಗೋಗದೆ."

ಮಹಾಲಿಂಗ ಪೊರಕೆಯನ್ನು ಗೋಡೆಗೆ ಒರಗಿಸಿದ. "ಮೇಲೆ ಬಿರುಕು ಬುಟ್ಟದಾ?"

"ಬುಟ್ಟದೆ. ಗೋಡೆ ಮಗ್ಗುಲ್ಗೆ, ದಾರ ಹಿಡ್ದು ಗೀಟೆಳ್ದಂಗೆ. ಉತ್ರದ ಕಡೆ ಜಾಸ್ತಿ."

"ಕಂಬ ವಾಪಸ್ ಕೊಡ್ಸುಬುಡು ಮಾವ. ಒಬ್ರುನ್ನೂ ಮೇಲಕ್ ಹತ್ತುಸ್ಬ್ಯಾಡ, ಕೆಳುಗೂ ನಿಲ್ಲುಸ್ಬ್ಯಾಡ. ಈಗ್ಲೇ ಬತ್ತಿನಿ."

"ಕೊಡ್ಸಿವ್ನಿ. ನೀವು ಬನ್ನಿ ಸಾ, ಅಷ್ಟೇಯ."

'ಮಾವ' ಎಂದು ಕರೆದವನಿಗೆ 'ಸಾ' ಎಂದೇ ಉತ್ತರ ಬಂದಿತ್ತು. ಮನೆಯವರು ಪಕ್ಕದಲ್ಲೇ ನಿಂತಿದ್ದಾರೆ ಎಂದು ಮಹಾಲಿಂಗನಿಗೆ ತಿಳಿಯಿತು. ಇಬ್ಬರೂ ಉಡಿಗಾಲ ಎಂಬ ಒಂದೇ ಊರಿನವರು. ಮಹಾಲಿಂಗನ ಅಪ್ಪ ಮಾರಯ್ಯ ಹದಿನೆಂಟು ವರ್ಷ ಮೂಗಯ್ಯನ ಕೈಕೆಳಗೆ ಕಾಂಕ್ರೀಟು ಹೊತ್ತವನು. ಮಹಾಲಿಂಗ ಇಂಜಿನಿಯರಿಂಗ್ ಮುಗಿಸಿ ಬೋರ್ಡು ಹಾಕಿದ ಮೇಲೆ ಊರೂರಿನ ಕೆಲಸ ಹುಡುಕಿ ತಂದುಕೊಟ್ಟದ್ದೂ ಮೂಗಯ್ಯನೇ. 'ನಮ್ಮೂರ್ ಹುಡುಗ ಅವ್ನೆ ಬುದ್ಧಿ. ಯಾವ ಕಂಬಿ ಎಲ್ಲಿರ್ಬೇಕು ಅಂತ ಲೆಕ್ಕ ಹಾಕಿ ಬರ್ಕೊಡ್ತನೆ' ಎಂದು ಬಸವಣ್ಣನವರ ಮನೆಗೆ ಅವನನ್ನು ಕರೆದುಕೊಂಡು ಹೋಗಿದ್ದ. ಆದರೆ ನಾಲ್ಕು ಜನರ ಎದುರಿಗೆ ಮೂಗಯ್ಯನಿಗೆ ಅವನು ಯಾವತ್ತೂ 'ಸಾ'. ಅವನಿಗೆ ಮೂಗಯ್ಯ 'ಮೇಸ್ತ್ರಿ'.

ಬೈಕು ತೆರಕಣಾಂಬಿ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಹೊಲಗಳಲ್ಲಿ ಅರಿಶಿನ ಬೇಯಿಸುವ ಹೊಗೆ ನೆಟ್ಟಗೆ ಎದ್ದು ನಿಂತಿತ್ತು. ಏನಾಗಿರಬಹುದು ಎಂದು ಮಹಾಲಿಂಗ ಯೋಚಿಸಲಿಲ್ಲ. ಫೋನಿನಲ್ಲಿ 'ಉತ್ರದ ಕಡೆ ಜಾಸ್ತಿ' ಎಂಬ ಮಾತು ಕೇಳಿದಾಗಲೇ ಅವನಿಗೆ ಗೊತ್ತಾಗಿಹೋಗಿತ್ತು. ದಾರಿಯುದ್ದಕ್ಕೂ ಬೇರೆ ಯಾವುದಾದರೂ ಕಾರಣ ಸಿಗುತ್ತದೆಯೋ ಎಂದು ಹುಡುಕಿದ. ಸಿಮೆಂಟು ಹಳೆಯದಿರಬಹುದು. ನೀರು ಜಾಸ್ತಿ ಬಿದ್ದಿರಬಹುದು. ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಆಸರೆಯ ಕಂಬ ಬಿಚ್ಚಿರಬಹುದು. ಒಂದೂ ನಿಲ್ಲಲಿಲ್ಲ. ಸಿಮೆಂಟಿನ ಚೀಲಗಳನ್ನು ಅವನೇ ನೋಡಿದ್ದ. ಕಂಬ ಬಿಚ್ಚಿದ್ದು ಇಪ್ಪತ್ತೆಂಟು ದಿನ ಬಿಟ್ಟು, ಅವನು ಹೇಳಿದ ದಿನವೇ.

ಗೋಡೆಯಿಂದ ಆಚೆಗೆ ಚಾಚಿಕೊಂಡ ಬಾಲ್ಕನಿಗೆ ಕಂಬಿ ಮೇಲಿರಬೇಕು. ಕೋಣೆಯ ತಾರಸಿಗೆ ತಳದಲ್ಲಿದ್ದರೆ ಸಾಕು. ಚಾಚಿದ ತೋಳಿನ ತುದಿಗೆ ಕೊಡ ನೇತುಹಾಕಿದರೆ ಹೆಗಲ ಮೇಲ್ಭಾಗವೇ ಎಳೆಯುತ್ತದಲ್ಲ, ಹಾಗೆ. ಆ ಕಂಬಿಗಳು ಮೇಲೇ ನಿಲ್ಲಲೆಂದು ಕಂಬಿಯ ತುಂಡನ್ನು ಬಗ್ಗಿಸಿ, ಮೂರೂವರೆ ಅಂಗುಲ ಎತ್ತರದ ಪುಟ್ಟ ಕಾಲುಮಣೆಗಳನ್ನು ಮಾಡಿ ಕೆಳಗೆ ಕೊಡುತ್ತಾರೆ. ಮೇಸ್ತ್ರಿಗಳು ಅದಕ್ಕೆ 'ಚೇರು' ಎನ್ನುತ್ತಾರೆ. ಹೆಸರೇನೋ ಚೇರು, ಮನುಷ್ಯನ ಭಾರ ಅದು ತಡೆಯುವುದಿಲ್ಲ.

ತಾರಸಿಗೆ ಕಾಂಕ್ರೀಟು ಸುರಿದು ಮೋಲ್ಡ್ ಹಾಕಿದ ದಿನ ಬೆಳಿಗ್ಗೆ ಏಳಕ್ಕೇ ಬಂದು ಮಹಾಲಿಂಗ ಟೇಪು ಹಿಡಿದು ಪ್ರತಿ ಕಂಬಿಯನ್ನೂ ಅಳೆದಿದ್ದ. ಕೂದಲೆಳೆ ತಪ್ಪಿರಲಿಲ್ಲ. ಎಂಟು ಗಂಟೆಗೆ ಪೂಜೆ. ಪೂಜೆ ಈಶಾನ್ಯ ಮೂಲೆಯಲ್ಲೇ ಆಗಬೇಕು, ಎಲ್ಲ ಮನೆಗಳಲ್ಲೂ ಹಾಗೆ. ಬಸವಣ್ಣನವರ ಮನೆಯಲ್ಲಿ ಆ ಮೂಲೆಗೇ ಬಾಲ್ಕನಿಯ ಉತ್ತರದ ತುದಿ ಬಂದಿತ್ತು. ಕಲಶ, ಹೂವು, ತೆಂಗಿನಕಾಯಿ ಹಿಡಿದು ಬಸವಣ್ಣನವರ ಅಣ್ಣತಮ್ಮಂದಿರು, ಸೊಸೆಯಂದಿರು, ಬೀಗರು ಎಲ್ಲ ಏಣಿ ಹತ್ತಿ ಬಂದು ಕಂಬಿಯ ಜಾಲರಿಯ ಮೇಲೆ ಒತ್ತಾಗಿ ನಿಂತರು. ಮೂಗಯ್ಯ ಮಹಾಲಿಂಗನ ಪಕ್ಕಕ್ಕೆ ಬಂದು, "ಸಾ, ಅಷ್ಟ್ ಜನ ಬ್ಯಾಡ. ಚೇರು ಕುಸೀತವೆ. ಇತ್ಲಾಗ್ ಬರಕ್ಕೇಳಿ" ಎಂದಿದ್ದ.

ಅದೇ ಹೊತ್ತಿಗೆ ಬಸವಣ್ಣನವರು ಕೂಗಿದರು: "ಇಂಜಿನಿಯರ್ ಸಾಹೇಬ್ರು ಎಲ್ಲಿ? ಬನ್ನಿ ಬನ್ನಿ, ನೀವು ಮುಂದಕ್ ಬರ್ಬೇಕು."

ಇಂಥ ಮನೆಗಳ ಮೋಲ್ಡಿನ ದಿನ ಮಾರಯ್ಯ ಎಲ್ಲಿ ನಿಲ್ಲುತ್ತಿದ್ದ ಎಂಬುದನ್ನು ಮಹಾಲಿಂಗ ಚಿಕ್ಕಂದಿನಲ್ಲಿ ಕಂಡಿದ್ದ. ಪೂಜೆ ಮುಗಿಯುವ ತನಕ ಕೆಳಗೆ, ಮರಳು ರಾಶಿಯ ಆಚೆ. ಪ್ರಸಾದ ಎಲೆಯಲ್ಲಿ ಇಳಿದು ಬರುತ್ತಿತ್ತು. ಅವತ್ತು ಅದೇ ತರದ ಮನೆಯವರು ಅವನ ಮಗನ ಕೈಹಿಡಿದು ಕಲಶದ ಎದುರಿಗೆ ನಿಲ್ಲಿಸಿದರು, ಶಾಲು ಹೊದಿಸಿದರು, ತಲೆಗೆ ಮೈಸೂರು ಪೇಟ ಇಟ್ಟರು. ಮೂಗಯ್ಯ ಇನ್ನೂ ನೋಡುತ್ತಲೇ ಇದ್ದ. "ಏ, ಏನೂ ಆಗಲ್ಲ ಬಿಡಿ ಮೇಸ್ತ್ರಿ, ನಾನಿಲ್ವಾ?" ಎಂದಿದ್ದ ಮಹಾಲಿಂಗ. ಎಲ್ಲರೂ ನಕ್ಕರು. ಫೋಟೋ ತೆಗೆದರು. ಕಾಲ ಕೆಳಗೆ ಏನೋ ಮೆಲ್ಲಗೆ ತಗ್ಗಿದ್ದು ಅವನ ಪಾದಕ್ಕೆ ತಿಳಿದಿತ್ತು. ಆಮೇಲೆ ನೋಡಿದರಾಯಿತು ಅಂದುಕೊಂಡ. ಆಮೇಲೆ ಪಾಯಸದ ಊಟಕ್ಕೆ ಕರೆದರು. ಒಳಗೆ, ನಡುಮನೆಯಲ್ಲಿ, ಬಸವಣ್ಣನವರ ಪಕ್ಕದಲ್ಲೇ ಎಲೆ. ಎದ್ದು ಕೈತೊಳೆದು ಬರುವಷ್ಟರಲ್ಲಿ ಆ ಮೂಲೆಗೆ ಕಾಂಕ್ರೀಟು ಬಿದ್ದು ಮಟ್ಟವಾಗಿತ್ತು.

ಭೀಮನಬೀಡಿನಲ್ಲಿ ಬೈಕು ನಿಲ್ಲಿಸಿದಾಗ ಮನೆಯ ಮುಂದೆ ಏಳೆಂಟು ಜನ ಸೇರಿದ್ದರು. ಬಸವಣ್ಣನವರು ಗುಂಡ್ಲುಪೇಟೆಯ ಒಂದು ಶಾಲೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಮೆತ್ತಗಿನ ಮನುಷ್ಯ. ಜಗುಲಿಯ ಮೇಲೆ ಕೂತು ಸುಮ್ಮನೆ ಬಾಲ್ಕನಿಯನ್ನೇ ನೋಡುತ್ತಿದ್ದರು. ಮಾತಾಡುತ್ತಿದ್ದವನು ಅವರ ತಮ್ಮ ಮಲ್ಲಿಕಾರ್ಜುನಸ್ವಾಮಿ. ಅವನ ಮನೆಗೂ ಹಿಂದಿನ ಬೀದಿಯಲ್ಲಿ ಪಾಯಕ್ಕೆ ಸುಣ್ಣದ ಗೆರೆ ಎಳೆದಾಗಿತ್ತು. ಅದರ ಕೆಲಸವೂ ಮೂಗಯ್ಯನಿಗೇ ಎಂದು ಮಾತಾಗಿತ್ತು.

"ಅಲ್ಲ ಮೇಸ್ತ್ರಿ, ಸಿಮೆಂಟ್ ಕಲುಸ್ದ್ಯೋ ರಾಗಿಹಿಟ್ ಕಲುಸ್ದ್ಯೋ?" ಎನ್ನುತ್ತಿದ್ದ. "ಮುದ್ದೆನೂ ಇದ್ಕಿಂತ ಗಟ್ಟಿಯಾಗ್ ನಿಂತ್ಕತದೆ."

ಯಾರೋ ಕಿಸಕ್ಕೆಂದರು. ಮೂಗಯ್ಯ ಟವೆಲನ್ನು ಹೆಗಲಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. ಅರವತ್ತು ದಾಟಿದ ಆಳು. "ನಲವತ್ ಮನೆ ಕಟ್ಟಿವ್ನಿ ಬುದ್ಧಿ. ಒಂದ್ ಸಜ್ಜ ಅಲ್ಲಾಡಿಲ್ಲ" ಎಂದ.

"ಆ ನಲವತ್ರದ್ದೂ ಪುಣ್ಯ ಇದ್ರಲ್ಲಿ ತೀರೋಯ್ತು ಬುಡು. ನನ್ ಮನೆ ನಾನು ಬತ್ತೇರಿ ಮಲೆಯಾಳಿಗಳ್ಗೆ ಕೊಡ್ತಿನಿ. ಅವ್ರು ಮಳೇಲಿ ಕಟ್ಟಿದ್ರೂ ನಿಂತ್ಕತವೆ." ಮಲ್ಲಿಕಾರ್ಜುನಸ್ವಾಮಿ ಮಹಾಲಿಂಗನ ಕಡೆ ತಿರುಗಿ ದನಿ ಇಳಿಸಿದ. "ಬನ್ನಿ ಸಾ. ನಿಮ್ ಲೆಕ್ಕಾಚಾರನೆಲ್ಲ ಈ ಯಪ್ಪ ಮಣ್ಗಾಕ್ಬುಟ್ಟ ನೋಡಿ."

ಆಗಲೇ ಹೇಳಬಹುದಿತ್ತು. ಮಹಾಲಿಂಗ ತಲೆಯಾಡಿಸಿದ. ಅದು ಹೌದೆಂದೋ ಅಲ್ಲವೆಂದೋ ಅವನಿಗೇ ಗೊತ್ತಿರಲಿಲ್ಲ. ನೋಡಿದವರಿಗೆ ಹೌದೆಂದೇ ಕಂಡಿರಬೇಕು. ಕಂಬಗಳು ಗಟ್ಟಿಯಾಗಿವೆಯೇ ಎಂದು ಒಂದೊಂದಾಗಿ ತಟ್ಟಿ ನೋಡಿ, ಏಣಿ ಹತ್ತಿ, ಬಿರುಕಿನ ಪಕ್ಕದಲ್ಲಿ ಕೂತ. ಉತ್ತರದ ತುದಿಯಲ್ಲಿ ಅದರೊಳಗೆ ಬಸ್ಸಿನ ಟಿಕೆಟ್ಟು ತೂರುವಷ್ಟು ಜಾಗವಿತ್ತು. ದಕ್ಷಿಣಕ್ಕೆ ಹೋಗುತ್ತಾ ಸಣ್ಣದಾಗಿ, ಕೊನೆಯ ಮೂರಡಿಯಲ್ಲಿ ಬಿರುಕೇ ಇರಲಿಲ್ಲ.

ಬಸವಣ್ಣನವರೂ ಅವರ ಹೆಂಡತಿ ಸಣ್ಣಮ್ಮನವರೂ ಹಿಂದೆಯೇ ಹತ್ತಿ ಬಂದು ದೂರದಲ್ಲಿ ನಿಂತರು. ಸಣ್ಣಮ್ಮನವರು ಸೆರಗು ಸರಿಮಾಡಿಕೊಂಡು ಕೇಳಿದರು:

"ಸಾ, ಪೂಜೆ ದಿನ ನಾವೆಲ್ಲ ಅಲ್ಲೇ ನಿಂತ್ಕಂಡಿದ್ವಲ್ಲ, ಕಂಬಿ ಮ್ಯಾಲೆ. ಅದ್ರಿಂದ ಏನಾರ ಆಯ್ತಾ?"

"ಛೆ ಛೆ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಮ್ಮ" ಎಂದ ಮಹಾಲಿಂಗ.

ಯೋಚನೆಯೇ ಮಾಡದೆ ಬಂದ ಮಾತು. ಏಣಿಯ ತುದಿಯಲ್ಲಿ ಮೂಗಯ್ಯನ ತಲೆ ಕಂಡಿತು. ಅವನು ಕೇಳಿಸಿಕೊಂಡಿದ್ದ. ಮೇಲೆ ಬಂದು, ಉಳಿ ಸುತ್ತಿಗೆಯನ್ನು ಕೆಳಗಿಟ್ಟು, "ಎಲ್ಲಿ ಒಡೀಲಿ ಸಾ?" ಎಂದ.

"ಬಿರುಕಿನ ಹತ್ರ. ಒಂದು ಗೇಣಗಲ. ಕಂಬಿ ಕಾಣೋ ತನಕ."

ಉತ್ತರದ ತುದಿಯಲ್ಲಿ ಮೂಗಯ್ಯ ಮಂಡಿಯೂರಿ ಕೂತು ಒಡೆಯತೊಡಗಿದ. ಆತುರವಿರಲಿಲ್ಲ. ತಾನೇ ಮಟ್ಟಮಾಡಿದ ಕಾಂಕ್ರೀಟು ಚೂರುಚೂರಾಗಿ ಎದ್ದುಬರುವುದನ್ನು ಎಡಗೈಯಿಂದ ಬಳಿದು ಪಕ್ಕಕ್ಕೆ ಸರಿಸುತ್ತಿದ್ದ. ಮಹಾಲಿಂಗ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದ. ಒಂದಂಗುಲಕ್ಕೆ ಕಂಬಿ ಸಿಗಬೇಕಿತ್ತು. ಸಿಗಲಿಲ್ಲ. ಎರಡಾಯಿತು, ಸಿಗಲಿಲ್ಲ. ಮೂರು ದಾಟಿದ ಮೇಲೆ ಉಳಿ ಕಬ್ಬಿಣಕ್ಕೆ ಬಿದ್ದ ಸದ್ದು ಬಂತು. ಮಹಾಲಿಂಗ ಟೇಪು ಇಳಿಬಿಟ್ಟ. ಮೂರೂಕಾಲು. ಐದಂಗುಲ ದಪ್ಪದ ಬಾಲ್ಕನಿಯಲ್ಲಿ ಕಂಬಿ ತಳಕ್ಕೆ ಹೋಗಿ ಕೂತಿತ್ತು. ಇಷ್ಟು ದಿನ ಅದನ್ನು ಹಿಡಿದು ನಿಲ್ಲಿಸಿದ್ದು ಕೆಳಗಿನ ನೀಲಗಿರಿ ಕಂಬಗಳೇ ಹೊರತು ಬೇರೇನೂ ಅಲ್ಲ.

ಮಲ್ಲಿಕಾರ್ಜುನಸ್ವಾಮಿ ಅಷ್ಟರಲ್ಲಿ ಮೇಲೆ ಬಂದಿದ್ದ. ಬಗ್ಗಿ ನೋಡಿದ.

"ಕಂಬಿ ಮೇಲಿರ್ಬೇಕು ಅಂತ ತಾನೆ ಸಾ ನೀವು ನಕ್ಷೆಲಿ ಬರ್ದಿದ್ದು? ನೋಡಿ, ತಳುಕ್ಕೇ ಕಟ್ಬುಟ್ಟವ್ನೆ! ಮೇಸ್ತ್ರಿ, ನಿಂಗೆ ಕಣ್ ಕಾಣುಸ್ತದಾ? ವಯಸ್ಸಾದ್ರೆ ಮನೇಲಿ ಕೂತ್ಕಬೇಕಪ್ಪ. ಊರೋರ್ ತಲೆ ಮ್ಯಾಲೆ ಕೆಡವ್ಬಾರ್ದು."

ಮೂಗಯ್ಯ ಉಳಿಯ ಮೊನೆಯನ್ನು ಹೆಬ್ಬೆರಳಿನಿಂದ ಒರೆಸಿದ. "ನನ್ ಕೈಲೇ ಎಲ್ಲೋ ತಪ್ಪಾಗಿರ್ಬೇಕು ಬುದ್ಧಿ" ಎಂದ. "ನಾನೇ ಕೆಡವಿ ಕಟ್ಟುಸ್ಕೊಡ್ತಿನಿ."

ಮಹಾಲಿಂಗ ತಲೆಯೆತ್ತಲಿಲ್ಲ. ಇಷ್ಟಕ್ಕೇ ನಿಂತರೆ ಮುಗಿಯಿತು ಎಂಬುದು ಅವನಿಗೆ ಕಂಡಿತು. ಮೇಸ್ತ್ರಿ ಒಪ್ಪಿಕೊಂಡಾಗಿದೆ. ಕೆಡವಿ ಕಟ್ಟುತ್ತಾರೆ, ಬಾಲ್ಕನಿ ಗಟ್ಟಿಯಾಗುತ್ತದೆ, ಯಾರ ತಲೆಯ ಮೇಲೂ ಬೀಳುವುದಿಲ್ಲ. ಮೂಗಯ್ಯನನ್ನು ಈ ಸೀಮೆಯಲ್ಲಿ ಇನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ, ಅಷ್ಟೆ. ಈ ಊರಿನ ಮಾತು ಸಂಜೆಗೆ ಗುಂಡ್ಲುಪೇಟೆಯಲ್ಲಿರುತ್ತದೆ, ಸಂತೆಯ ದಿನಕ್ಕೆ ಚಾಮರಾಜನಗರದಲ್ಲಿ. ಚಹಾ ಅಂಗಡಿಗಳಲ್ಲಿ ರಾಗಿಹಿಟ್ಟಿನ ಮಾತು ಹೇಳಿ ನಗುತ್ತಾರೆ.

ದಕ್ಷಿಣದ ತುದಿಯನ್ನು ಒಡೆಸುವ ಅಗತ್ಯವೇ ಇರಲಿಲ್ಲ. ಆ ತುದಿ ಏನು ಹೇಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

"ಆ ಕಡೆನೂ ಒಡೀರಿ" ಎಂದ.

ಮೂಗಯ್ಯ ಅವನನ್ನು ನೋಡಿದ. "ಅಲ್ಲೇನೂ ಆಗಿಲ್ವಲ್ಲ ಸಾ."

"ಒಡೀರಿ ಮೇಸ್ತ್ರಿ."

ದಕ್ಷಿಣದಲ್ಲಿ ನಾಲ್ಕೇಟಿಗೇ ಕಂಬಿ ಸಿಕ್ಕಿತು. ಒಂದಂಗುಲ, ನಕ್ಷೆಯಲ್ಲಿದ್ದಂತೆ. ಅದರಡಿಯ ಚೇರು ಕೂಡ ನೆಟ್ಟಗೆ ಕಾಲೂರಿ ನಿಂತಿತ್ತು. ಮಹಾಲಿಂಗ ಸೀಮೆಸುಣ್ಣದಲ್ಲಿ ಅಲ್ಲೊಂದು ಗುರುತು ಹಾಕಿದ.

"ಇದೇನ್ ಇಚಿತ್ರ!" ಎಂದ ಮಲ್ಲಿಕಾರ್ಜುನಸ್ವಾಮಿ. "ಇಲ್ ಸರ್ಯಾಗ್ ಕಟ್ಟಿ ಅಲ್ಯಾಕ್ ತಪ್ ಕಟ್ದೆ? ಸಾಯಂಕಾಲುದ್ ಒತ್ನಲ್ಲಿ ಹಾಕ್ಕಂಡು ಕಟ್ದಾ ಹೆಂಗೆ?"

ಕಂಬಿ ಎರಡೂ ಕಡೆ ಬಯಲಾಗಿ ಬಿದ್ದಿತ್ತು. ಆದರೂ ಅದನ್ನು ಓದುವುದು ಅಲ್ಲಿದ್ದ ಇಬ್ಬರಿಗೆ ಮಾತ್ರ ಸಾಧ್ಯವಿತ್ತು. ಒಬ್ಬ ಹೇಳುವುದಿಲ್ಲ ಎಂದು ತೀರ್ಮಾನಿಸಿ ಕೂತಿದ್ದ. ಮಹಾಲಿಂಗ ಎದ್ದು ನಿಂತ. ಮೊಣಕಾಲು ಜೋಮು ಹಿಡಿದಿತ್ತು.

"ಮೇಸ್ತ್ರಿ ಎರಡೂ ಕಡೆ ಸರಿಯಾಗೇ ಕಟ್ಟಿದ್ರು" ಎಂದ. "ಮೋಲ್ಡ್ ದಿನ ಬೆಳಿಗ್ಗೆ ನಾನೇ ಅಳತೆ ತಗೊಂಡಿದ್ದೆ. ಆಮೇಲೆ ಪೂಜೆ ಆಯ್ತು. ಆ ಮೂಲೇಲಿ ಹದಿನೈದು ಜನ ನಿಂತೆವು. ಕಂಬಿ ಕೆಳಗಿನ ಚೇರು ಬಗ್ಗಿಹೋಯ್ತು, ಕಂಬಿ ತಳಕ್ಕೆ ಕೂತ್ಕೊಂಡ್ತು. ಈ ಕಡೆ ಯಾರೂ ನಿಂತಿರಲಿಲ್ಲ, ಅದಕ್ಕೇ ಇಲ್ಲಿ ಸರಿಯಾಗಿದೆ."

ಸಣ್ಣಮ್ಮನವರು ಮೆಲ್ಲಗೆ, "ಸಂಬಂಧ ಇಲ್ಲ ಅಂದ್ರಲ್ಲ ಸಾ, ಈಗ್ ತಾನೆ" ಎಂದರು. ಚುಚ್ಚುವ ದನಿಯಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಂತಿತ್ತು.

"ಸುಳ್ಳು ಹೇಳಿದೆ ಅಮ್ಮ. ಮೇಸ್ತ್ರಿ ಅವತ್ತೇ ಬೇಡ ಅಂದಿದ್ರು. ಏನೂ ಆಗಲ್ಲ ಅಂದವನು ನಾನು. ನಿಂತವನೂ ನಾನು. ಕಾಲಡಿ ತಗ್ಗಿದ್ದೂ ಗೊತ್ತಾಗಿತ್ತು. ಕಾಂಕ್ರೀಟ್ ಬೀಳೋಕ್ ಮುಂಚೆ ಮತ್ತೆ ಎತ್ತಿಸಿ ಕಟ್ಟಿಸಿದ್ರೆ ಮುಗೀತಿತ್ತು, ಹತ್ತು ನಿಮಿಷದ ಕೆಲಸ. ಆ ಹೊತ್ತಲ್ಲಿ ನಾನು ಊಟಕ್ಕೆ ಕೂತಿದ್ದೆ."

ಬಸವಣ್ಣನವರು ಬಿರುಕಿನ ಹತ್ತಿರ ಬರಲು ಒಂದು ಹೆಜ್ಜೆ ಇಟ್ಟು, ಏನೋ ನೆನಪಾದಂತೆ ಹಿಂದೆ ಸರಿದರು. ಬೈಯುತ್ತಾರೆಂದು ಮಹಾಲಿಂಗ ಕಾದ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ಒಂದ್ ಮಾತ್ ಇಳೀರಿ ಅಂದಿದ್ರೆ ಇಳೀತಿದ್ವಲ್ಲ ಸಾ" ಎಂದರು ಅವರು. "ಪೂಜೆ ಇತ್ಲಾಗ್ ಮಾಡ್ಕತಿದ್ವಿ. ದೇವ್ರೇನು ಆ ಮೂಲೇಲೇ ಕೂತವ್ನಾ? ನಾವೇನ್ ಕೇಳ್ತಿರ್ಲಿಲ್ವಾ ನಿಮ್ ಮಾತ?"

ಮರಳು ರಾಶಿಯ ಆಚೆ ನಿಂತಿರುತ್ತಿದ್ದ ಅಪ್ಪನ ವಿಷಯ ಮಹಾಲಿಂಗನ ನಾಲಿಗೆಯ ತನಕ ಬಂತು. ಅದನ್ನು ಹೇಳಿದರೆ ಈ ಮನುಷ್ಯನಿಗೆ ನೋವಾಗಬಹುದು, ತನಗೊಂದು ನೆಪ ಸಿಗಬಹುದು. ಆದರೆ ಬಾಲ್ಕನಿಯ ಕೆಳಗೆ ಮನೆಯ ಮೊಮ್ಮಕ್ಕಳು ಆಡುತ್ತಾರೆ. ಅವನು ಅದನ್ನು ನುಂಗಿಕೊಂಡ. ಕರೆದಾಗ ಹೋಗಿ ನಿಂತದ್ದು ತಪ್ಪಲ್ಲ. ಅಲ್ಲಿ ನಿಂತುಕೊಂಡು ತನ್ನ ಕೆಲಸವನ್ನು ಮರೆತಂತೆ ನಟಿಸಿದ್ದನಲ್ಲ, ಅದಕ್ಕೆ ಅಪ್ಪ ಯಾವ ರೀತಿಯಲ್ಲೂ ಕಾರಣನಾಗಿರಲಿಲ್ಲ.

"ಕೇಳ್ತಿದ್ರಿ" ಎಂದ.

ಮಲ್ಲಿಕಾರ್ಜುನಸ್ವಾಮಿಗೆ ಏನಾದರೂ ಆಡದೆ ಇರಲಾಗಲಿಲ್ಲ. "ಅಲ್ಲ ಮೇಸ್ತ್ರಿ, ಇಷ್ಟೊತ್ತು ನನ್ ಕೈಲಿ ಬೈಸ್ಕಂಡ್ ನಿಂತಿದ್ದೀಯಲ್ಲ, ಬಾಯಿ ಇರ್ನಿಲ್ವಾ? ಅವತ್ತಾದ್ರೂ ಕೂಗ್ಬಾರ್ದಾಗಿತ್ತಾ?"

"ಒಂದ್ಸಲ ಯೋಳ್ದೆ ಬುದ್ಧಿ" ಎಂದ ಮೂಗಯ್ಯ. "ಎರಡ್ನೇ ಸಲ ಯೋಳ್ನಿಲ್ಲ. ಅದು ನನ್ ತಪ್ಪೇಯ."

"ಸರಿ ಬುಡು. ಬತ್ತೇರಿ ಅಂದಿದ್ದು ಬಾಯ್ ಮಾತ್ಗೆ. ಇದ್ ಮುಗುದ್ಮೇಲೆ ಬಂದು ನಮ್ ಪಾಯ ನೋಡು." ಅವನು ಒಂದು ಕ್ಷಣ ತಡೆದು, ಮಹಾಲಿಂಗನ ಮುಖ ನೋಡದೆ ಹೇಳಿದ: "ನಕ್ಷೆ ಮಾತ್ರ ನಾವು ಮೈಸೂರ್ ಕಡೆ ಯಾರತ್ರನಾದ್ರೂ ಮಾಡುಸ್ಕತಿವಿ ಸಾ. ಬೇಜಾರ್ ಮಾಡ್ಕಬ್ಯಾಡಿ."

"ಇಲ್ಲ" ಎಂದ ಮಹಾಲಿಂಗ. "ಈ ಬಾಲ್ಕನಿ ಕೆಡವಿ ಕಟ್ಟೋ ಖರ್ಚು ನಂದು. ಮೇಸ್ತ್ರಿಯಿಂದ ಏನೂ ತಗೋಬೇಡಿ."

ಅಣ್ಣತಮ್ಮಂದಿರು ಅದಕ್ಕೆ ಬೇಡ ಎನ್ನಲಿಲ್ಲ. ಒಬ್ಬೊಬ್ಬರಾಗಿ ಇಳಿದುಹೋದರು. ಸಣ್ಣಮ್ಮನವರು ಏಣಿಯ ಹತ್ತಿರ ತಡೆದು, "ಕಾಫಿ ಕಳುಸ್ತಿನಿ" ಎಂದರು. ಯಾರಿಗೆಂದು ಹೇಳಲಿಲ್ಲ. ಕೆಳಗೆ ಮಲ್ಲಿಕಾರ್ಜುನಸ್ವಾಮಿ ಯಾರಿಗೋ ವಿಷಯ ವಿವರಿಸುತ್ತಿದ್ದ. 'ಇಂಜಿನಿಯರ್ರು' ಎಂಬ ಶಬ್ದ ಎರಡು ಸಲ ಕೇಳಿತು. ಎರಡನೆಯ ಸಲ ನಗು ಕೇಳಿತು.

ಮೇಲೆ ಇಬ್ಬರೇ ಉಳಿದರು. ಮೂಗಯ್ಯ ಟವೆಲು ಕೊಡವಿ ತಲೆಗೆ ಸುತ್ತಿಕೊಂಡ.

"ಯಾಕ್ಲಾ ಯೋಳ್ದೆ ಮಾಲಿಂಗ?" ಎಂದ. ಸಿಟ್ಟಿನಲ್ಲೇ ಕೇಳಿದ್ದ. "ನಾನು ಗಾರೆಯವ. ಈ ಊರಿಲ್ದಿದ್ರೆ ಇನ್ನೊಂದೂರು, ಅದೂ ಇಲ್ದಿದ್ರೆ ನನ್ ಅರ್ಧ ಎಕ್ರೆ ಅದೆ. ನಿಂದಂಗಲ್ಲ ಕಣ್ಲಾ. ಊರ್ಗೆ ಒಬ್ಬ ಇಂಜಿನಿಯರ್ರು ನೀನು. ನಿಮ್ಮಪ್ಪ ಬೆನ್ ಬಗ್ಸಿ ಓದುಸ್ದ. ಇನ್ ಯಾರ್ಲಾ ನಿನ್ ಬೋರ್ಡ್ ಕೆಳಕ್ ಬತ್ತರೆ?"

"ನಿನ್ನ ಬೈತಿದ್ದಾಗ ನಿನ್ ಮುಖ ನೋಡಕ್ಕಾಗ್ಲಿಲ್ಲ ಮಾವ."

"ಈಗ ನೋಡ್ತಾ ಇದ್ದೀಯಾ?"

ಮಹಾಲಿಂಗ ಒಡೆದ ಜಾಗದ ಕಂಬಿಯನ್ನೇ ನೋಡುತ್ತಿದ್ದ. "ಇಲ್ಲ" ಎಂದ.

ಮೂಗಯ್ಯ ಬೀಡಿ ಹುಡುಕಿ ಜೇಬು ತಡವಿದ, ಸಿಗಲಿಲ್ಲ. ಬಿಸಿಲು ಈಗ ಸರಿಯಾಗಿ ತಲೆಯ ಮೇಲಿತ್ತು. ಕಾಫಿ ಬರಲಿಲ್ಲ, ಅಥವಾ ಇನ್ನೂ ಬಂದಿರಲಿಲ್ಲ. ಮೂಗಯ್ಯ ಸೀಮೆಸುಣ್ಣವನ್ನು ನೆಲದಿಂದ ಎತ್ತಿ ಮಹಾಲಿಂಗನ ಕಡೆ ಚಾಚಿದ.

"ಒಳಕ್ ಎಲ್ಲೀಗಂಟ ಒಡೀಬೇಕು, ಗೀಟಾಕು."

"ಗೋಡೆಯಿಂದ ನಾಲ್ಕೂವರೆ ಅಡಿ. ಹೊಸ ಕಂಬಿ ಅಲ್ಲೀತಂಕ ಒಳಗೆ ಹಿಡೀಬೇಕು."

"ಬಾಯಲ್ ಯೋಳ್ಬ್ಯಾಡ. ಅಳ್ದು ಗೀಟಾಕು."

ಮಹಾಲಿಂಗ ಟೇಪಿನ ಒಂದು ತುದಿಯನ್ನು ಗೋಡೆಯ ಅಂಚಿಗೆ ಹಿಡಿದ. ಮೂಗಯ್ಯ ಇನ್ನೊಂದು ತುದಿ ಎಳೆದುಕೊಂಡು ಹೋದ. ಮಂಡಿಯೂರಿ, ಹಿಂದೆ ಸರಿಯುತ್ತಾ, ಮಹಾಲಿಂಗ ಬಿಸಿಯಾದ ತಾರಸಿಯ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಗೆರೆ ಎಳೆಯತೊಡಗಿದ. ಸೊಟ್ಟಗಾದ ಕಡೆ ಮೂಗಯ್ಯ ಕಾಲಿನಿಂದ ಉಜ್ಜಿ ಅಳಿಸಿದ. ಮಹಾಲಿಂಗ ಮತ್ತೆ ಎಳೆದ.